ಯಾರ ಬಸಿರು, ಯಾರ ರುಜು?
(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಹೆರಿಗೆಯ ಕಥೆಯನ್ನು ನಾವು ಎಷ್ಟು ಸಲ ಬೇಕಾದರೂ ಹೇಳುತ್ತೇವೆ. ಎಷ್ಟು ನೋವು ತಿಂದೆ, ಸೂಲಗಿತ್ತಿ ಯಾರು, ಬಾಣಂತನ ಯಾರು ಮಾಡಿದರು, ಎಲ್ಲ ಬಾಯಿಗೆ ಬರುತ್ತದೆ. ಬಸಿರು ತೆಗೆಸಿದ ಕಥೆ ಮಾತ್ರ ಬರುವುದಿಲ್ಲ. ಬಂದರೂ 'ಕ್ಲೀನ್ ಮಾಡಿಸಿಕೊಂಡೆ' ಅಂತ ಒಂದೇ ಮಾತು, ಪಾತ್ರೆ ತೊಳೆದ ಹಾಗೆ.

ಒಬ್ಬಾಕೆಗೆ ಎರಡು ಮಕ್ಕಳು, ಮೂರನೆಯದು ಬೇಡ. ಗಂಡ 'ಇರಲಿ ಬಿಡು' ಎನ್ನುತ್ತಾನೆ. ಆಕೆ ಯಾರಿಗೂ ತಿಳಿಯದಂತೆ ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತಾಳೆ. ಇನ್ನೊಬ್ಬಾಕೆಗೆ ಮಗು ಬೇಕು. ಹೆಣ್ಣೆಂದು ಗೊತ್ತಾದೊಡನೆ ಅತ್ತೆಯೂ ಗಂಡನೂ ಸೇರಿ ಕಾರು ಹತ್ತಿಸುತ್ತಾರೆ. ಎರಡು ಮನೆಯಲ್ಲೂ ಅವಳನ್ನು ಕೇಳಿದವರಿಲ್ಲ. ಇವೆರಡನ್ನೂ ಹೆಣ್ಣಿನ ಪಾಪದ ಲೆಕ್ಕಕ್ಕೇ ಬರೆಯುತ್ತಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ.

1971ರ ವೈದ್ಯಕೀಯ ಗರ್ಭಪಾತ ಕಾಯಿದೆಯ ಪ್ರಕಾರ, 18 ತುಂಬಿದ ಹೆಣ್ಣಿಗೆ ಅವಳದೇ ಒಪ್ಪಿಗೆ ಸಾಕು. ಹಾಗಿದ್ದೂ ಎಷ್ಟೋ ಆಸ್ಪತ್ರೆಗಳಲ್ಲಿ 'ಯಜಮಾನರನ್ನು ಕರ್ಕೊಂಡು ಬಾಮ್ಮ' ಎನ್ನುತ್ತಾರೆ. ಆ ಯಜಮಾನರು ಕಾಯಿದೆಯಲ್ಲಿ ಎಲ್ಲೂ ಇಲ್ಲ! ಗರ್ಭನಿರೋಧಕ ಕೈಕೊಟ್ಟದ್ದನ್ನೂ ಕಾಯಿದೆ ಕಾರಣವೆಂದು ಒಪ್ಪುತ್ತದೆ. 2021ರ ತಿದ್ದುಪಡಿಯಾದ ಮೇಲೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೆ ಒಳಗಾದವರು, ಬಸಿರಿನಲ್ಲೇ ವಿಧವೆಯಾದವರು, ಇಂಥ ಕೆಲವರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರದವರೆಗೂ ಅವಕಾಶವಿದೆ. ಮದುವೆಯಾಗದವರಿಗೂ ಇದು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಇನ್ನೊಂದು ಮಾತನ್ನೂ ಹೇಳಿತು: ಗಂಡನೇ ಬಲಾತ್ಕಾರ ಮಾಡಿದ್ದರೆ, ಈ ಕಾಯಿದೆಯ ಮಟ್ಟಿಗೆ ಅದೂ ಅತ್ಯಾಚಾರವೇ. ಹೊಡೆತ ತಿಂದು ಬಸಿರಾದವರು ನಮ್ಮ ನಡುವೆ ಎಷ್ಟು ಮಂದಿಯೋ!

ಇನ್ನು ಹೆಣ್ಣು ಭ್ರೂಣದ ವಿಚಾರ. ಲಿಂಗ ಪತ್ತೆ ತಡೆಯುವ ಕಾಯಿದೆ ಬಂದದ್ದು 1994ರಲ್ಲಿ. 2023ರಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಈ ದಂಧೆ ನಡೆಸುತ್ತಿದ್ದದ್ದು ಬಯಲಿಗೆ ಬಂತು. ಬೆಲ್ಲ ಕಾಯಿಸುವ ಜಾಗ, ನೋಡಿ. ಅಲ್ಲಿಗೆ ಹೋದವರು ರಾಕ್ಷಸರೇನಲ್ಲ, ನಮ್ಮ ನಿಮ್ಮಂಥವರೇ. 'ಇನ್ನೊಂದು ಹೆಣ್ಣಾದರೆ ವರದಕ್ಷಿಣೆಗೆ ಹೊಲ ಮಾರಬೇಕಲ್ಲ' ಎಂಬ ಲೆಕ್ಕವನ್ನು ಎಲ್ಲ ಮನೆಯಲ್ಲೂ ಹಾಕುತ್ತಾರೆ. ಆ ಲೆಕ್ಕ ಮುರಿಯದೆ ಬಸುರಿಯನ್ನು ಬಯ್ದು ಏನು ಬಂತು? ಗಂಡ ಅಥವಾ ನೆಂಟರ ಒತ್ತಾಯದಿಂದಲೇ ಅವಳು ಲಿಂಗ ಪತ್ತೆ ಮಾಡಿಸಿದಳೆಂದು, ಬೇರೆ ರುಜುವಾತಾಗುವವರೆಗೆ, ಕೋರ್ಟೇ ಭಾವಿಸಬೇಕೆಂದು ಆ ಕಾಯಿದೆ ಹೇಳುತ್ತದೆ. ಅವಳ ಒಪ್ಪಿಗೆಯಿಲ್ಲದೆ ಬಸಿರು ತೆಗೆಸಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 89ನೇ ಕಲಮಿನಲ್ಲಿ ಜೀವಾವಧಿಯವರೆಗೆ ಶಿಕ್ಷೆಯಿದೆ.

ಕೊನೆಗೆ, ಮಾತ್ರೆಯ ವಿಷಯ. ವೈದ್ಯರನ್ನು ಕಂಡು ಮೊದಲ ವಾರಗಳಲ್ಲೇ ತೆಗೆದುಕೊಂಡರೆ ಅದು ಸುರಕ್ಷಿತ. ಬಸಿರು ಗರ್ಭನಾಳದಲ್ಲಿ ನಿಂತಿದ್ದರೆ ಮಾತ್ರೆ ಕೆಲಸ ಮಾಡುವುದಿಲ್ಲ, ನಾಳ ಒಡೆದರೆ ಪ್ರಾಣಕ್ಕೇ ಅಪಾಯ. ರಕ್ತ ನಿಲ್ಲದಿದ್ದರೆ ನಾಚಿಕೆಪಟ್ಟು ಮನೆಯಲ್ಲಿ ಮಲಗಬೇಡಿ. ಸಂಘದ ಇಬ್ಬರನ್ನು ಜೊತೆಗೆ ಕರೆದುಕೊಂಡು ಸರ್ಕಾರಿ ಆಸ್ಪತ್ರೆಗೆ ಹೊರಡಿ. ನಿಮ್ಮ ಹೆಸರನ್ನು ಹೊರಗೆ ಬಿಟ್ಟುಕೊಡದಿರುವುದು ವೈದ್ಯರಿಗೆ ಕಾನೂನಿನ ಕಟ್ಟಳೆ.