ಹಾಸಿಗೆ ಹಿಡಿದವರ ವಿನೋದ



ಮನುಷ್ಯನಿಗೆ ವಿರಾಮವು ಎರಡು ಬಗೆಯಾಗಿ ಒದಗುವುದುಂಟು. ದುಡಿದು ಸಂಪಾದಿಸಿಕೊಂಡ ವಿರಾಮವೊಂದು; ಕಾಯಿಲೆಯು ಬಲವಂತದಿಂದ ಕೊಡಿಸುವ ವಿರಾಮ ಮತ್ತೊಂದು. ಮೊದಲನೆಯದನ್ನು ಹೇಗೆ ಕಳೆಯಬೇಕೆಂಬುದಕ್ಕೆ ಉಪದೇಶಗಳ ಕೊರತೆಯಿಲ್ಲ. ಎರಡನೆಯದರಲ್ಲಿಯಾದರೋ, ವೈದ್ಯರು ಪಥ್ಯವನ್ನು ಹೇಳುವರು, ಮದ್ದಿನ ವೇಳೆಯನ್ನು ಹೇಳುವರು; ಒಂದು ಮದ್ದಿಗೂ ಇನ್ನೊಂದು ಮದ್ದಿಗೂ ನಡುವೆ ಉಳಿಯುವ ಐದಾರು ಗಂಟೆಗಳ ಕಾಲವನ್ನು ರೋಗಿಯು ಏನು ಮಾಡತಕ್ಕದ್ದೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಆ ಹೊತ್ತಿನಲ್ಲಿ ಕೇಳುವ ಹಾಡು, ನೋಡುವ ಆಟ, ಸಿನಿಮಾ ಇವುಗಳನ್ನು ಕುರಿತು ಈಗ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ.

ನಾವು ದೇವರ ಹಿಪ್ಪರಗಿಯ ಕಡೆಯವರು. ಹಿಂದೆ ವಿಜಾಪುರವೆಂದೂ ಈಗ ವಿಜಯಪುರವೆಂದೂ ಕರೆಯಲಾಗುವ ಜಿಲ್ಲೆಯಲ್ಲಿ, ವಿಜಯಪುರದಿಂದ ಸಿಂದಗಿಗೆ ಹೋಗುವ ದಾರಿಯಲ್ಲಿ ನಮ್ಮ ಊರಿದೆ. ಬಹುಕಾಲ ಸಿಂದಗಿ ತಾಲೂಕಿಗೆ ಸೇರಿದ್ದ ಊರು ಈಗ ತಾನೇ ತಾಲೂಕಿನ ಕೇಂದ್ರವಾಗಿದೆ. ಶರಣ ಮಡಿವಾಳ ಮಾಚಿದೇವರು ಹುಟ್ಟಿದ ಊರೆಂದು ಇದಕ್ಕೆ ಹೆಸರು. ಇದು ಎರೆಮಣ್ಣಿನ, ಬಿಳಿಜೋಳದ, ಸುಡುಬಿಸಿಲಿನ ಸೀಮೆ, ನೀರು ಕಡಿಮೆ. ನೀರು ಕಡಿಮೆಯಾದ ಸೀಮೆಯಲ್ಲಿ ರೋಗಗಳು ಕಡಿಮೆಯಿರುವುದಿಲ್ಲ.

ಹಿಂದಿನ ಕಾಲದ ಒಂದು ರೋಗವನ್ನು ಮೊದಲು ನೆನೆಯಬೇಕು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನಾರುಹುಣ್ಣು ಎಂಬುದೊಂದಿತ್ತು. ಮೆಟ್ಟಿಲುಬಾವಿಗೆ ಇಳಿದು ನೀರು ತರುವವರ ಕಾಲಿನ ಹುಣ್ಣಿನಿಂದ ಹುಳುವಿನ ಮರಿಗಳು ನೀರಿಗೆ ಸೇರುತ್ತಿದ್ದುವು. ಅವು ನೀರಿನಲ್ಲಿರುವ ಅತಿ ಸಣ್ಣ ಜೀವಿಯ ಹೊಟ್ಟೆಯಲ್ಲಿ ಬೆಳೆದು, ಆ ನೀರನ್ನು ಸೋಸದೆ ಕುಡಿದವರ ಮೈಯನ್ನು ಹೊಗುತ್ತಿದ್ದುವು. ಸುಮಾರು ಒಂದು ವರ್ಷದ ಮೇಲೆ ಹುಳುವು ನೂಲಿನೆಳೆಯಂತೆ ಕಾಲಿನಿಂದ ಹೊರಬೀಳುವುದು. ಅದನ್ನು ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಷ್ಟು ಎಳೆಯಬೇಕು; ಅವಸರದಿಂದ ಎಳೆದರೆ ತುಂಡಾಗಿ ಬಾವು ಏರುವುದು. ಬಿತ್ತನೆಯ ಕಾಲವಾಗಲಿ, ಸುಗ್ಗಿಯಾಗಲಿ, ಗಟ್ಟಿಮುಟ್ಟಾದ ಆಳು ವಾರಗಟ್ಟಲೆ ಹೊರಸಿನ ಮೇಲೆ ಬಿದ್ದಿರಬೇಕಾಗುತ್ತಿತ್ತು. ನೀರು ಸೋಸುವುದನ್ನು ಕಲಿಸಿ, ಮೆಟ್ಟಿಲುಬಾವಿಗಳನ್ನು ಬಿಡಿಸಿ, ಕೊಳವೆಬಾವಿಗಳನ್ನು ತೋಡಿಸಿದುದರಿಂದ ಭಾರತದಲ್ಲಿ ಈ ರೋಗವು 1996ರಲ್ಲಿ ಕೊನೆಗಂಡಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದೇಶವು ಇದರಿಂದ ಮುಕ್ತವಾಯಿತೆಂದು ಪ್ರಮಾಣಪತ್ರವನ್ನು ಕೊಟ್ಟಿತು.

ಹೀಗೆ ಬಿದ್ದಿದ್ದವನಿಗೆ ವಿನೋದವೇನಿತ್ತು? ಬೆಳಗಿನ ಜಾವದಲ್ಲಿ ಬೀಸುವ ಕಲ್ಲಿನ ಹಾಡಿತ್ತು. ಅದು ರೋಗಿಗಾಗಿ ಹಾಡಿದ ಹಾಡಲ್ಲ, ಹಿಟ್ಟಿಗಾಗಿ ಹಾಡಿದುದು. ಆದರೂ ನಿದ್ರೆಯಿಲ್ಲದೆ ಹೊರಳಾಡಿದವನಿಗೆ ಬೆಳಗಾಯಿತೆಂಬ ಧೈರ್ಯವನ್ನು ಮೊದಲು ಕೊಡುತ್ತಿದ್ದುದು ಆ ಕಲ್ಲಿನ ಸದ್ದು, ಆ ಮೂರು ಸಾಲಿನ ಪದ. ನಮ್ಮ ನೆರೆಯ ಇಂಡಿಯ ಕಡೆಯ ಹಲಸಂಗಿಯ ಗೆಳೆಯರು ಇಂಥ ಪದಗಳನ್ನು ಕಲೆಹಾಕಿ 1931ರಲ್ಲಿ 'ಗರತಿಯ ಹಾಡು' ಎಂಬ ಹೆಸರಿನಿಂದ ಅಚ್ಚುಮಾಡಿಸಿದ ಮೇಲೆ ಕನ್ನಡ ನಾಡೆಲ್ಲ ಅವುಗಳ ಬೆಲೆಯನ್ನು ತಿಳಿಯಿತು. ಹಾಸಿಗೆ ಹಿಡಿದವರಿಗೆ ಅದು ಮೊದಲೇ ತಿಳಿದಿತ್ತು. ಸಂಜೆಗೆ ನೆರೆಯವರು ಏಕತಾರಿ ದಮ್ಮಡಿಗಳನ್ನು ಹಿಡಿದು ಪಡಸಾಲೆಗೆ ಬಂದು ಕೂತು ಒಂದೆರಡು ತತ್ವಪದಗಳನ್ನು ಹೇಳಿ ಹೋಗುವುದುಂಟು. ಕಡಕೋಳ ಮಡಿವಾಳಪ್ಪನವರ ಪದಗಳೂ ಶಿಶುನಾಳ ಶರೀಫರ ಪದಗಳೂ ನಮ್ಮ ಕಡೆಯ ಭಜನೆಯವರಿಗೆ ಬಾಯಿಪಾಠ. ಈ ವಿನೋದಗಳಿಗೆಲ್ಲ ಸಮಾನವಾದ ಲಕ್ಷಣವೊಂದುಂಟು: ಹಾಡು ಬರಬೇಕಾದರೆ ಹಾಡುವವರೂ ಬರಬೇಕು. ಈ ಮಾತನ್ನು ಶ್ರೋತೃಗಳು ಮನಸ್ಸಿನಲ್ಲಿಟ್ಟುಕೊಂಡಿರಬೇಕೆಂದು ಬೇಡುತ್ತೇವೆ.

ಅನಂತರ ಗ್ರಾಮಫೋನು ಬಂದಿತು. ಆ ಕಾಲದ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಹಾಡು ಹಿಡಿಯುತ್ತಿತ್ತು. ಅದನ್ನು ಆ ಯಂತ್ರದ ಕೊರತೆಯೆಂದು ಹೇಳುವ ರೂಢಿಯಿದೆ. ರೋಗಿಯ ದೃಷ್ಟಿಯಿಂದ ಅದು ಗುಣವೇ ಸರಿ. ಜ್ವರದಲ್ಲಿ ಬೆಂದ ಮನಸ್ಸು ಮೂರು ನಿಮಿಷವನ್ನು ಹಿಡಿದಿಡಬಲ್ಲುದು, ಮೂರು ಗಂಟೆಯನ್ನು ಹಿಡಿದಿಡಲಾರದು. ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರ ಕಂಠವು ಈ ತಟ್ಟೆಗಳ ಮೂಲಕವೇ ದೇಶವನ್ನೆಲ್ಲ ಸುತ್ತಿತು. 1943ರ 'ಕಿಸ್ಮತ್' ಎಂಬ ಹಿಂದೀ ಚಿತ್ರದಲ್ಲಿ ಅವರು ಹಾಡಿದ ಜೋಗುಳದಂಥ ಹಾಡೊಂದಿದೆ. ಮಲಗಿರುವವರ ಮೇಲಣ ಮಮತೆಯನ್ನು ಅಷ್ಟು ಮೆಲುದನಿಯಲ್ಲಿ ಹೇಳಿದ ಹಾಡು ವಿರಳ. ಅಲ್ಲದೆ, ಮೂರು ನಿಮಿಷಕ್ಕೊಮ್ಮೆ ತಟ್ಟೆ ಮುಗಿಯುತ್ತಿದ್ದುದರಿಂದ ಅದನ್ನು ಮಗುಚಲು, ಕೀಲಿ ತಿರುಗಿಸಲು, ಮುಳ್ಳು ಬದಲಿಸಲು ಒಬ್ಬರು ಹತ್ತಿರ ಇರಲೇಬೇಕಾಗುತ್ತಿತ್ತು. ಹಾಡುವವರು ದೂರವಾದರೂ ಹಾಡಿಸುವವರೊಬ್ಬರು ಹಾಸಿಗೆಯ ಬಳಿಯಲ್ಲಿಯೇ ಉಳಿದರು.

ರೇಡಿಯೋ ಕನ್ನಡ ನಾಡಿಗೆ ಬಂದುದು 1935ನೆಯ ಸೆಪ್ಟೆಂಬರ್ 10ರಂದು. ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಚಿಕ್ಕದೊಂದು ಪ್ರಸಾರಯಂತ್ರವನ್ನು ಹೂಡಿದರು. 'ಆಕಾಶವಾಣಿ' ಎಂಬ ಹೆಸರು ಆ ನಿಲಯದ ಕೊಡುಗೆ. ನಮ್ಮ ಉತ್ತರದ ಸೀಮೆಗೆ ಹತ್ತಿರವಾದ ಧಾರವಾಡದ ನಿಲಯವು 1950ನೆಯ ಜನವರಿ 8ರಂದು ಪ್ರಾರಂಭವಾಯಿತು. 1957ರಲ್ಲಿ ವಿವಿಧಭಾರತಿಯು ಹೊರಟಿತು. ರೋಗಿಗೆ ರೇಡಿಯೋವಿಗಿಂತ ಹಿತವಾದ ಯಂತ್ರವು ಈ ತನಕ ಹುಟ್ಟಿಲ್ಲವೆಂದು ನಮ್ಮ ನಂಬಿಕೆ. ಅದು ಕಣ್ಣನ್ನು ಕೇಳುವುದಿಲ್ಲ, ಕೈಯನ್ನು ಕೇಳುವುದಿಲ್ಲ. ಮಗ್ಗುಲಾದರೂ ಮುನಿಯುವುದಿಲ್ಲ, ನಡುವೆ ನಿದ್ರೆ ಹತ್ತಿದರೂ ತಪ್ಪೆಣಿಸುವುದಿಲ್ಲ. ವಾರ್ತೆಗೆ ಇಂಥ ಹೊತ್ತು, ನಾಟಕಕ್ಕೆ ಇಂಥ ಹೊತ್ತು, ಮುಗಿಯುವುದಕ್ಕೆ ಇಂಥ ಹೊತ್ತು ಎಂದು ಕಟ್ಟುಪಾಡು ಇರುವುದರಿಂದ, ಹಗಲಿರುಳುಗಳ ಪರಿವೆ ತಪ್ಪಿದ ರೋಗಿಗೆ ಅದು ಗಡಿಯಾರವೂ ಆಗುವುದು.

ದೂರದರ್ಶನವು ನಮ್ಮ ಜಿಲ್ಲೆಗೆ ಬಂದ ಬಗೆ ವಿಶೇಷವಾದುದು. 1975ನೆಯ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಕಳುಹಿಸುವ ಪ್ರಯೋಗವು ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ವಿಜಾಪುರ, ಗುಲ್ಬರ್ಗ, ರಾಯಚೂರು ಸೀಮೆಯನ್ನು. ಬೆಂಗಳೂರಿನವರು ತಮ್ಮ ಮನೆಗಳಲ್ಲಿ ಇನ್ನೂ ಕಾಣದಿದ್ದುದನ್ನು ಎರೆಹೊಲದ ಹಳ್ಳಿಯವರು, ತಂತಿಜಾಲರಿಯ ದೊಡ್ಡ ಛತ್ರಿಯೊಂದನ್ನು ನಿಲ್ಲಿಸಿ, ಶಾಲೆಯಂಥ ಸಾರ್ವಜನಿಕ ಸ್ಥಳದಲ್ಲಿ ಕೂತು ನೋಡಿದರು. ಬೆಳಿಗ್ಗೆ ಮಕ್ಕಳಿಗೆ ಒಂದೂವರೆ ಗಂಟೆ, ಸಂಜೆ ಹಿರಿಯರಿಗೆ ಎರಡೂವರೆ ಗಂಟೆ. ರೋಗಿಯು ಅಲ್ಲಿಗೆ ಹೋಗಲಾರ. ಆದರೆ ನೋಡಿ ಬಂದ ಮಕ್ಕಳು ಹೊರಸಿನ ಸುತ್ತ ಕೂತು, ಒಬ್ಬನ ಮಾತನ್ನು ಮತ್ತೊಬ್ಬನು ಕಸಿದುಕೊಂಡು, ಕಂಡುದನ್ನೂ ಕಾಣದುದನ್ನೂ ಸೇರಿಸಿ ಹೇಳುವುದು ಮೂಲಕ್ಕಿಂತ ರಂಜಕವಾಗಿರದೆ ಹೋದೀತೆ? ಮನೆಮನೆಗೆ ಪೆಟ್ಟಿಗೆ ಬಂದುದು ಮುಂದಿನ ಮಾತು. 1987ರ ಜನವರಿಯಲ್ಲಿ 'ರಾಮಾಯಣ'ದ ಧಾರಾವಾಹಿಯು ತೊಡಗಿದಾಗ, ಭಾನುವಾರ ಬೆಳಿಗ್ಗೆ ಪೆಟ್ಟಿಗೆಯಿದ್ದ ಮನೆಗೆ ಓಣಿಯೇ ನೆರೆಯುತ್ತಿತ್ತು.

ನಮ್ಮದೇ ಅನುಭವವನ್ನು ಸ್ವಲ್ಪ ಹೇಳುವುದು ಅಪ್ರಸ್ತುತವಾಗದು. 2006ರಲ್ಲಿ ಚಿಕುನ್‌ಗುನ್ಯವು ಕರ್ನಾಟಕವನ್ನು ಬಡಿಯಿತು. ಸಂಶಯಿತ ರೋಗಿಗಳ ಸಂಖ್ಯೆ ಈ ರಾಜ್ಯವೊಂದರಲ್ಲಿಯೇ ಏಳು ಲಕ್ಷವನ್ನು ಮೀರಿತೆಂದು ಸರಕಾರದ ಲೆಕ್ಕ. ಆ ಲೆಕ್ಕದಲ್ಲಿ ನಾವೂ ಒಬ್ಬರು. ಜ್ವರವು ವಾರದೊಳಗೆ ಇಳಿಯಿತು, ಕೀಲುನೋವು ಇಳಿಯಲಿಲ್ಲ. ಚಹದ ಬಟ್ಟಲನ್ನು ಹಿಡಿಯಲಾರದ ಬೆರಳಿಗೆ ಪುಸ್ತಕವೆಲ್ಲಿಯದು? ಅವ್ವನು ಬಾಗಿಲಲ್ಲಿ ನಿಂತು, "ಏನರೆ ಹಚ್ಚಲೇನೋ ಯಪ್ಪಾ?" ಎಂದು ಕೇಳುವಳು. ಹೊಸ ಚಿತ್ರವನ್ನು ಹಚ್ಚಿದರೆ ಮುಂದೇನಾಗುವುದೋ ಎಂಬ ಆತಂಕವೇ ಆಯಾಸವನ್ನು ತರುತ್ತಿತ್ತು. ಹತ್ತು ಸಲ ನೋಡಿದ ಚಿತ್ರವಾದರೆ ಹಾಗಲ್ಲ. ಕಣ್ಣು ಮುಚ್ಚಿದರೂ ಕಥೆ ಎಲ್ಲಿಗೂ ಓಡಿಹೋಗುವುದಿಲ್ಲ. 1966ರ 'ಸಂಧ್ಯಾರಾಗ'ವನ್ನು ಆಗ ನಾವು ನೋಡಿದುದಕ್ಕಿಂತ ಕೇಳಿದುದೇ ಹೆಚ್ಚು; ಭೀಮಸೇನ ಜೋಶಿಯವರ ಕಂಠವೂ ಬಾಲಮುರಳೀಕೃಷ್ಣರ ಕಂಠವೂ ಒಂದೇ ಚಿತ್ರದಲ್ಲಿ ದೊರೆಯುವ ಭಾಗ್ಯ ಬೇರೆಲ್ಲಿಯುಂಟು? ವಿದ್ಯುತ್ತು ಹೋದಾಗ ಚಿತ್ರವು ನಿಲ್ಲುವುದು; ಆಗ ಉಳಿದ ಕಥೆಯನ್ನು ಅವ್ವನು ಜೋಳ ಹಸನು ಮಾಡುತ್ತ ಹೇಳಿ ಮುಗಿಸುವಳು. ರೋಗಿಗೆ ಹೊಸದಕ್ಕಿಂತ ಹಳೆಯದು, ಉದ್ದಕ್ಕಿಂತ ಗಿಡ್ಡದು, ಕಣ್ಣಿಗಿಂತ ಕಿವಿಯದು ಹಿತವೆಂಬುದು ನಮಗೆ ಆಗ ಮನದಟ್ಟಾಯಿತು.

ಈಗ ಎಲ್ಲರ ಕೈಯಲ್ಲಿರುವ ಮೊಬೈಲಿನ ವಿಚಾರಕ್ಕೆ ಬರೋಣ. ಹಿಂದಿನ ವಿನೋದಗಳೆಲ್ಲವೂ ಅದರಲ್ಲಿ ಅಡಕವಾಗಿವೆ. ಅದರ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಬೀಸುವ ಪದಕ್ಕೆ ಅವ್ವನು ಬೇಕಾಗಿತ್ತು, ಭಜನೆಗೆ ನೆರೆಯವರು ಬೇಕಾಗಿತ್ತು, ತಟ್ಟೆಗೆ ಮಗುಚುವವರು ಬೇಕಾಗಿತ್ತು, ಪೆಟ್ಟಿಗೆಗೆ ಮನೆಯವರೆಲ್ಲ ನೆರೆಯುತ್ತಿದ್ದರು. ಇದಕ್ಕೆ ಯಾರೂ ಬೇಡ. ಹಾಸಿಗೆಯ ಬಳಿಗೆ ಒಬ್ಬರನ್ನೂ ಕರೆತರದ ಮೊದಲನೆಯ ವಿನೋದವು ಇದೇ. ಅದು ಮುಗಿಯುವುದೂ ಇಲ್ಲ. ಒಂದು ತೀರುವುದರೊಳಗೆ ಇನ್ನೊಂದು ತಾನಾಗಿಯೇ ತೆರೆದುಕೊಳ್ಳುವುದು. ರೋಗಿಯು ನಿದ್ರೆಗೆಟ್ಟು ನಡುರಾತ್ರಿಯಲ್ಲಿ ಅದರ ಬೆಳಕಿನಲ್ಲಿ ಬಿದ್ದಿದ್ದರೆ, ಆಚೆಯ ಕೋಣೆಯವರು 'ಪಾಪ, ಹೊತ್ತು ಹೋಗುತ್ತಿದೆ' ಎಂದು ಸಮಾಧಾನ ತಾಳುವರು.

2021ರ ಬೇಸಗೆಯಲ್ಲಿ, ಕೊರೋನಾದ ಎರಡನೆಯ ಅಲೆಯ ಕಾಲದಲ್ಲಿ, ನಮ್ಮ ಕಾಕಾ ಅವರು ಮನೆಯ ಹಿಂದಣ ಕೋಣೆಯಲ್ಲಿ ಪ್ರತ್ಯೇಕವಾಗಿ ಇರಬೇಕಾಯಿತು. ಒಳಗೆ ಯಾರೂ ಹೋಗುವಂತಿಲ್ಲ. ಅವರ ಮೊಮ್ಮಗಳು ಒಂದು ಉಪಾಯವನ್ನು ಕಂಡುಹಿಡಿದಳು. ಬಾಗಿಲಿನ ಆಚೆ ಚಾಪೆ ಹಾಸಿ ಕೂತು, ತಾನೂ ಒಂದು ಮೊಬೈಲನ್ನು ಹಿಡಿದು, ಅಜ್ಜನೂ ತಾನೂ ಒಂದೇ ಕ್ಷಣದಲ್ಲಿ ಒಂದೇ ಚಿತ್ರವನ್ನು ಹಚ್ಚುವುದು. ದಿನಕ್ಕೆ ಅರ್ಧ ಗಂಟೆ, ಅದಕ್ಕಿಂತ ಹೆಚ್ಚಿಲ್ಲ. ನಗುವ ಕಡೆ ಒಳಗಿನಿಂದ ನಗು, ಹೊರಗಿನಿಂದ ನಗು. 1972ರ 'ಬಂಗಾರದ ಮನುಷ್ಯ'ವು ಅರ್ಧ ಮುಗಿದಿದ್ದಾಗ ಕಾಕಾ ಅವರಿಗೆ ಉಸಿರು ಕಟ್ಟಿತು, ವಿಜಯಪುರಕ್ಕೆ ಒಯ್ದರು, ಅವರು ತಿರುಗಿ ಬರಲಿಲ್ಲ. ಚಿತ್ರವು ಅವರನ್ನು ಉಳಿಸಲಿಲ್ಲ, ಉಳಿಸುವ ಶಕ್ತಿ ಅದಕ್ಕಿಲ್ಲ. ಆದರೆ ಆ ಕೋಣೆಯಲ್ಲಿ ಅವರು ಕಳೆದ ದಿನಗಳಲ್ಲಿ ಪ್ರತಿ ಸಂಜೆಯೂ ಅವರಿಗಾಗಿ ಕಾದಿರುವವರೊಬ್ಬರಿದ್ದರು.

ರಾಗದಿಂದ ರೋಗವು ಹೋಗುವುದೆಂದು ಹೇಳುವವರೂ ಉಂಟು. ನಾವು ಅಷ್ಟು ದೂರ ಹೋಗಲೊಲ್ಲೆವು. 2015ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಪತ್ರಿಕೆಯು, ಶಸ್ತ್ರಚಿಕಿತ್ಸೆಗೆ ಒಳಗಾದವರ ಮೇಲೆ ಮಾಡಿದ 73 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶೆಯೊಂದನ್ನು ಪ್ರಕಟಿಸಿತು. ಸಂಗೀತವನ್ನು ಕೇಳಿದವರಿಗೆ ನೋವೂ ಕಳವಳವೂ ಕಡಿಮೆಯಾದುವು, ನೋವಿನ ಮದ್ದೂ ಕಡಿಮೆ ಸಾಕಾಯಿತು; ಆದರೆ ಆಸ್ಪತ್ರೆಯಲ್ಲಿರಬೇಕಾದ ದಿನಗಳು ಕಡಿಮೆಯಾಗಲಿಲ್ಲ. ಹಾಡಿನ ಕೆಲಸವೇನು, ವೈದ್ಯರ ಕೆಲಸವೇನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಮಾತು ಬೇಕಿಲ್ಲ.

ರೋಗಿಯ ಮನೆಯವರಲ್ಲಿ ನಮ್ಮ ಬಿನ್ನಹವಿಷ್ಟೆ. ರೋಗಿಗೆ ಏನು ಬೇಕೆಂಬುದನ್ನು ಅವರನ್ನೇ ಕೇಳಿರಿ, ಪರಿಚಿತವಾದುದನ್ನು ಹಚ್ಚಿರಿ, ಅರ್ಧ ಗಂಟೆಗೆ ನಿಲ್ಲಿಸಿರಿ, ಯಂತ್ರವನ್ನು ರೋಗಿಯ ಕೈಯಲ್ಲಿಡದೆ ನಿಮ್ಮ ಕೈಯಲ್ಲಿಟ್ಟುಕೊಂಡು ಹತ್ತಿರ ಕುಳಿತಿರಿ. ಊರವರಲ್ಲಿಯೂ ಒಂದು ಬಿನ್ನಹವುಂಟು. ಜಾತ್ರೆಯ ಬಯಲಾಟವೂ ಪಾರಿಜಾತವೂ ನಮಗೆ ಪ್ರಾಣಸಮಾನವಾದುವೇ. ಆದರೆ ಗಟ್ಟಿಮುಟ್ಟಾದವರಿಗೆ ಉತ್ಸಾಹವನ್ನು ತರುವ ಧ್ವನಿವರ್ಧಕವು ನಾಲ್ಕು ಮನೆಯಾಚೆ ಮಲಗಿರುವವರಿಗೆ ಶೂಲವಾಗಿ ಪರಿಣಮಿಸುವುದು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಅದನ್ನು ನಿಲ್ಲಿಸಬೇಕೆಂದು 2000ದ ಶಬ್ದಮಾಲಿನ್ಯ ನಿಯಮಗಳು ವಿಧಿಸಿವೆ. ಹಬ್ಬಹರಿದಿನಗಳಿಗೆ ರಾಜ್ಯ ಸರಕಾರವು ವಿನಾಯಿತಿ ಕೊಡಬಹುದಾದರೂ ಅದು ನಡುರಾತ್ರಿಯ ತನಕ ಮಾತ್ರ, ವರ್ಷಕ್ಕೆ ಹದಿನೈದು ದಿನಗಳನ್ನು ಮೀರುವಂತಿಲ್ಲ. ಕಾನೂನಿನ ಭಯಕ್ಕಿಂತ, ಓಣಿಯಲ್ಲಿ ಯಾರು ಮಲಗಿದ್ದಾರೆಂಬ ತಿಳಿವಳಿಕೆಯೇ ಇದಕ್ಕೆ ಮೇಲಾದ ಕಟ್ಟುಪಾಡು.

ಈ ಮಾತುಗಳನ್ನು ಕೇಳುತ್ತಿರುವವರಲ್ಲಿ ಕೆಲವರು ಇದೀಗ ಹಾಸಿಗೆಯಲ್ಲಿಯೇ ಇರಬಹುದು. ಅವರಿಗೆ ಬೇಗನೆ ಗುಣವಾಗಲಿ. ಅವರ ಮಗ್ಗುಲಲ್ಲಿ ಕುಳಿತಿರುವವರಿಗೆ ನಮ್ಮ ವಂದನೆಗಳು.