ಡಿಜಿಟಲ್ ಹಣದ ಕಾವಲು



2009ರಲ್ಲಿ ಆರಂಭವಾದ ಬಿಟ್‌ಕಾಯಿನ್ ಕೈಗೆ ಸಿಗುವ ನಾಣ್ಯವಲ್ಲ. ಅದರ ಗುಪ್ತ ಕೀಲಿಯು ಯಾರಲ್ಲಿರುವದೋ ಅವರೇ ಅದನ್ನು ಖರ್ಚು ಮಾಡಬಲ್ಲರು. ಆದುದರಿಂದ ನಾವು ಕಾಯಬೇಕಾದುದು ಈ ಕೀಲಿಯನ್ನೇ.

ಕೀಲಿಯನ್ನು ಪರರಿಗೊಪ್ಪಿಸಿದರೆ ಅನುಕೂಲ ಹೆಚ್ಚು, ಭದ್ರತೆ ಕಡಿಮೆ. 2014ರಲ್ಲಿ ಟೋಕಿಯೋದ ಮೌಂಟ್ ಗಾಕ್ಸ್ ವಿನಿಮಯ ಕೇಂದ್ರವು ದಿವಾಳಿಯೆದ್ದಾಗ ಸುಮಾರು 8,50,000 ಬಿಟ್‌ಕಾಯಿನ್ ಕಾಣೆಯಾದುವೆಂದು ಸಾರಿತು. ಬಳಿಕ ಸಿಕ್ಕವು ಸುಮಾರು 2,00,000 ಮಾತ್ರ. ತಾವೇ ಇಟ್ಟುಕೊಂಡರೂ ಗಂಡಾಂತರ ತಪ್ಪದು. 2013ರಲ್ಲಿ ಬ್ರಿಟನ್ನಿನ ನ್ಯೂಪೋರ್ಟಿನಲ್ಲಿ ಒಬ್ಬರ ಕೀಲಿಯಿದ್ದ ಹಾರ್ಡ್ ಡಿಸ್ಕ್ ಊರ ಕಸದ ರಾಶಿಯ ಪಾಲಾಯಿತು.

ಹಾಗಾದರೆ ದಾರಿಯೇನು? ಸಂತೆಗೆ ಹೋಗುವಾಗ ನಾವು ಖರ್ಚಿಗೆ ಬೇಕಾದಷ್ಟನ್ನೇ ಜೇಬಿನಲ್ಲಿಟ್ಟು ಉಳಿದುದನ್ನು ತಿಜೋರಿಯಲ್ಲಿಡುವದಿಲ್ಲವೆ? ಇಲ್ಲಿಯೂ ಹಾಗೆಯೇ. ಅಲ್ಪಭಾಗ ಮೊಬೈಲಿನಲ್ಲಿರಲಿ, ದೊಡ್ಡ ಗಂಟಿನ ಕೀಲಿಯು ಇಂಟರ್ನೆಟ್ಟಿಗೆ ಸೇರದ ಸಾಧನದಲ್ಲಿರಲಿ. ಆ ಸಾಧನ ಕೆಟ್ಟರೆ ಕೀಲಿಯನ್ನು ಮರಳಿ ಕೊಡುವ 12 ಅಥವಾ 24 ಶಬ್ದಗಳನ್ನು ಕ್ರಮ ತಪ್ಪದಂತೆ ಕಾಗದದ ಮೇಲೆ ಬರೆದು ಎರಡು ಕಡೆ ಇಡೋಣ. ಅದರ ಫೋಟೋ ತೆಗೆಯುವದು ಬೇಡ. ಆ ಕಾಗದವೆಲ್ಲಿದೆಯೆಂಬುದು ಮನೆಯ ನಂಬಿಕೆಯ ಒಬ್ಬರಿಗಾದರೂ ತಿಳಿದಿರಲಿ. ಇಲ್ಲವಾದರೆ ನಮ್ಮ ತರುವಾಯ ಆ ಗಂಟು ಮಕ್ಕಳ ಕಣ್ಣಿಗೆ ಕಂಡೀತೇ ಹೊರತು ಕೈಗೆ ದಕ್ಕದು.