ಡೌನ್ ಎಂದರೆ ‘ಕೆಳಗೆ’ ಅಲ್ಲ

ಮಾತು ಹೆಸರಿನಿಂದಲೇ ಶುರುವಾಗಲಿ. ಡೌನ್ ಸಿಂಡ್ರೋಮ್‌ನ ‘ಡೌನ್’ ಎಂದರೆ ಕೆಳಮಟ್ಟ ಎಂದಲ್ಲ. 1866ರಲ್ಲಿ ಇದರ ಲಕ್ಷಣಗಳನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್‌ಡನ್ ಡೌನ್ ಅವರ ಹೆಸರು ಅದು. ಕಾರಣ ಗೊತ್ತಾಗಲು 1959 ಬರಬೇಕಾಯಿತು. ಈ ಮಕ್ಕಳ ಜೀವಕೋಶಗಳಲ್ಲಿ 21ನೇ ವರ್ಣತಂತು ಎರಡರ ಬದಲು ಮೂರಿರುವುದನ್ನು ಪ್ಯಾರಿಸ್ಸಿನಲ್ಲಿ ಜೆರೋಮ್ ಲೆಜೂನ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಬಸುರಿ ಗ್ರಹಣ ನೋಡಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೂ ದೂರು ಬೀಳುವುದು ಬಾಣಂತಿಯ ಮೇಲೆಯೇ!

ತಾಯಿಯ ವಯಸ್ಸು ಏರಿದಂತೆ ಸಾಧ್ಯತೆ ಹೆಚ್ಚುವುದು ನಿಜ. ಆದರೆ ಭಾರತದಲ್ಲಿ ಹೆರಿಗೆಗಳೇ ಹೆಚ್ಚಾಗಿ ಚಿಕ್ಕ ವಯಸ್ಸಿನಲ್ಲಿ ಆಗುವುದರಿಂದ, ಇಂಥ ಮಕ್ಕಳ ತಾಯಂದಿರಲ್ಲಿ ಬಹುಪಾಲು 35 ದಾಟದವರು.

ಸುಮಾರು ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ತಪ್ಪು ಯಾರದೆಂದು ಹುಡುಕುತ್ತ ಕೂರುವ ಮನೆಯಲ್ಲಿ ಎಕೋ ಪರೀಕ್ಷೆ ತಡವಾಗುತ್ತದೆ, ಶಸ್ತ್ರಚಿಕಿತ್ಸೆಗೆ ತಕ್ಕ ಸಮಯ ಮೀರುತ್ತದೆ.